ಭಾವನ ಗಾಡಿಯ ಡಿಕ್ಕಿ ಸರಿ ಮಾಡಿಸಿದ್ದು

ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಕ್ಯಾಲೆಂಡರ್ ವಾರೆಯಾಗಿ ತೂಗುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೈಯಲ್ಲಿ ಚಹಾದ ಕಪ್ಪು ಇರುತ್ತದೆ, ಮನೆಯವರು ತಮ್ಮ ಮೊಣಕಾಲು ನೋವಿನ ಕಥೆಯನ್ನು ಎಳೆಎಳೆಯಾಗಿ ಬಿಡಿಸುತ್ತಿರುತ್ತಾರೆ, ನಾನು ಹೂಂಗುಟ್ಟುತ್ತಿರುತ್ತೇನೆ, ಕಣ್ಣು ಮಾತ್ರ ಗೋಡೆಯ ಮೇಲೆ. ಕೊನೆಗೆ ತಡೆಯಲಾರದೆ ಎದ್ದುಹೋಗಿ ಅದರ ಅಂಚನ್ನು ಬೆರಳಿನಿಂದ ತುಸು ತಳ್ಳಿ, ಹಿಂದೆ ಸರಿದು ನೋಡಿ, ಮತ್ತೆ ಕೂದಲೆಳೆಯಷ್ಟು ತಳ್ಳಿ ಬಂದು ಕೂತರೇ ಸಮಾಧಾನ. ಒಮ್ಮೆ ಹೊನ್ನಾವರದಲ್ಲಿ ಪರಿಚಯದವರೊಬ್ಬರು ತೀರಿಕೊಂಡರೆಂದು ಮಾತಾಡಿಸಿಬರಲು ಹೋಗಿದ್ದೆವು. ಅವರ ಫೋಟೋ ಹಾರದ ಭಾರಕ್ಕೆ ಒಂದು ಕಡೆ ಜಗ್ಗಿತ್ತು. ನಾನು ಎದ್ದೆ. ನನ್ನ ಮನೆಯವಳು ಕಣ್ಣಲ್ಲೇ ಬೇಡ ಎಂದಳು. ನಾನು ಮುಟ್ಟಿದ್ದೇ ತಡ, ಹಾರ ಜಾರಿ ಬಿದ್ದು ಅದರ ಹಿಂದೆ ಫೋಟೋವೂ ಬಂದು ನನ್ನ ಕೈಯಲ್ಲಿ ಕೂತಿತು. ಅಂದಿನಿಂದ ಅಂಥ ಮನೆಗಳಿಗೆ ಅವಳು ಒಬ್ಬಳೇ ಹೋಗಿಬರುತ್ತಾಳೆ.

ಕುಮಟೆಯ ಶಾಲೆಯೊಂದರಲ್ಲಿ ನೌಕರಿಯ ಕಾಲವನ್ನೆಲ್ಲ ಡ್ರಾಯಿಂಗ್ ಮಾಸ್ತರನಾಗಿ ಕಳೆದವನು ನಾನು. ಮಕ್ಕಳಿಗೆ ಚಿತ್ರ ಬರೆಯಲು ಎಷ್ಟು ಕಲಿಸಿದೆನೋ ಗೊತ್ತಿಲ್ಲ, ಸ್ಕೇಲು ಹಿಡಿಯಲು ಮಾತ್ರ ಚೆನ್ನಾಗಿ ಕಲಿಸಿದೆ. ನನ್ನ ವಿದ್ಯಾರ್ಥಿಗಳು ಬರೆದ ಬೆಟ್ಟಗಳೂ ನೆಟ್ಟಗೆ ಇರುತ್ತಿದ್ದವು. ನೀವು ನಗಬಹುದು, ನಾನೂ ಇಷ್ಟು ದಿನ ನಗುತ್ತಲೇ ಇದ್ದೆ. ಆದರೆ ಇದೇ ಚಟದಿಂದ, ಶಿರಾಲಿಯಲ್ಲಿರುವ ನನ್ನ ಅಕ್ಕನಿಗೆ ಅವಳ ಗಂಡ ಬಿಟ್ಟುಹೋದದ್ದೊಂದನ್ನು ನಾನು ಕೈಯಾರೆ ಹಾಳುಮಾಡಿದೆ. ಏನೆಂದರೆ, ಹಳೆಯ ಅಂಬಾಸಿಡರ್ ಕಾರಿನ ಡಿಕ್ಕಿಯ ಮುಚ್ಚಳ ವಾರೆಯಾಗಿತ್ತು. ಅದನ್ನು ನೇರ ಮಾಡಿಸಿದೆ. ಹೀಗೆ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲವೆಂದು ಗೊತ್ತು, ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಹಿಂದಿನಿಂದ ಎಂದರೆ ಕಾಗಾಲದಿಂದ. ಅಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಅಂಚಿಗೆ ನಮ್ಮ ಮನೆ. ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದರು. ಅಘನಾಶಿನಿಯ ಕಡೆಯಿಂದ ಮೋಡ ಬಂದರೆ ಅಕ್ಕ ಒಳಗಿಂದ ಓಡಿಬರುವಳು, ನನ್ನನ್ನು ಕೂಗುವಳು. ಭತ್ತವಿದ್ದ ಚಾಪೆಯನ್ನು ಒಬ್ಬರೇ ಎತ್ತಲಾಗುವುದಿಲ್ಲ, ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು. ನಾನು ನನ್ನ ತುದಿಯನ್ನು ಹಿಡಿದ ಮೇಲೂ ಎರಡು ಮೂಲೆಗಳು ಸಮವಾಗಿ ಬಂದಿವೆಯೋ ಇಲ್ಲವೋ ಎಂದು ನೋಡುತ್ತ ನಿಲ್ಲುತ್ತಿದ್ದೆ. ಹನಿ ಟಪಟಪ ಬೀಳತೊಡಗುತ್ತಿತ್ತು. ಅಕ್ಕ ಆ ತುದಿಯಿಂದ ನನ್ನ ಏಳು ತಲೆಮಾರಿಗೆ ಬೈಯುತ್ತಿದ್ದಳು, ಅದು ಅವಳ ತಲೆಮಾರೂ ಹೌದು ಎನ್ನುವುದು ಆ ಗಡಿಬಿಡಿಯಲ್ಲಿ ನೆನಪಿರುತ್ತಿರಲಿಲ್ಲ. ನೆನೆದ ಭತ್ತದ ಹುಳಿ ವಾಸನೆ ಬಂದರೆ ಈಗಲೂ ನನಗೆ ಅವಳ ಬೈಗುಳ ಕೇಳಿಸುತ್ತದೆ.

ಅಂಥ ಅಕ್ಕನನ್ನು ಶಿರಾಲಿಗೆ ಕೊಟ್ಟರು. ಭಾವ ಗಾಡಿ ಇಟ್ಟುಕೊಂಡಿದ್ದವರು. ಬೆಣ್ಣೆ ಬಣ್ಣದ ಅಂಬಾಸಿಡರ್, ಅವರ ಕೈಗೆ ಬರುವ ಹೊತ್ತಿಗೇ ಹಳೆಯದು. ಭಟ್ಕಳ, ಶಿರಾಲಿ ಸುತ್ತಿನ ಮಲ್ಲಿಗೆ ಹೂವನ್ನು ಹೊನ್ನಾವರಕ್ಕೂ ಕುಮಟೆಗೂ ಮುಟ್ಟಿಸುವುದು ಅವರ ದಿನದ ಕೆಲಸ. ಸೀಟಿನಲ್ಲಿ ಬ್ಯಾಂಕಿನವರು, ಶಾಲೆಯವರು ಹೀಗೆ ಮಾಮೂಲಿ ಪ್ಯಾಸೆಂಜರುಗಳು, ಡಿಕ್ಕಿಯಲ್ಲಿ ಬಾಳೆಲೆ ಸುತ್ತಿದ ಹೂವಿನ ಬುಟ್ಟಿಗಳು. ಆ ಗಾಡಿಯಲ್ಲಿ ಬಂದವರ ಅಂಗಿಗೆ ಪೆಟ್ರೋಲು ಮತ್ತು ಮಲ್ಲಿಗೆ ಎರಡೂ ಸೇರಿದ ವಾಸನೆ ಹತ್ತುತ್ತಿತ್ತು. ಅಪರೂಪಕ್ಕೆ ನಾನು ಅದರಲ್ಲಿ ಶಾಲೆಗೆ ಹೋದ ದಿನ ಮಕ್ಕಳು ನನ್ನ ಟೇಬಲ್ಲಿನ ಹತ್ತಿರ ಬಂದು ಮೂಗು ಅರಳಿಸಿ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಹೊಸದಾಗಿ ಮದುವೆಯಾದವನೂ ಅಲ್ಲ ನಾನು, ಏನೆಂದುಕೊಂಡರೋ ಏನೋ.

ಅಕ್ಕನ ಮನೆಯಲ್ಲಿ ಬೆಳಗಿನ ಹೊತ್ತು ಜಾತ್ರೆ. ಮೊಗ್ಗು ಕೊಯ್ದು ತರುವ ಹೆಂಗಸರು, ಜಗುಲಿಯಲ್ಲಿ ಕೂತು ಬಾಳೆ ನಾರಿನಲ್ಲಿ ಕಟ್ಟುವವರು, ಸೀಟಿಗಾಗಿ ಬಂದು ನಿಂತ ಪ್ಯಾಸೆಂಜರುಗಳು, ಬಾಗಿಲ ಹತ್ತಿರ ಎಲೆ ಅಡಿಕೆ ಜಗಿಯುತ್ತ ಎಲ್ಲರ ಮೇಲೂ ಕಣ್ಣಿಟ್ಟ ಅಕ್ಕನ ಅತ್ತೆ. ಆ ಮನೆಯಲ್ಲಿ ಗಂಡ ಹೆಂಡತಿ ಹಗಲಿನಲ್ಲಿ ಎದುರುಬದುರು ನಿಂತು ಮಾತಾಡುವ ವಾಡಿಕೆಯೇ ಇರಲಿಲ್ಲ. ಭಾವ ಅಕ್ಕನ ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ. ಅಕ್ಕ ಹಿಂದಿನ ಜಗುಲಿಯಲ್ಲಿ ಹೂವು ಕಟ್ಟುವುದು, ಭಾವ ಮುಂದಿನ ಅಂಗಳದಲ್ಲಿ ಗಾಡಿ ಒರೆಸುವುದು, ನಡುವೆ ಅತ್ತೆ.

ಹೊರಡುವ ಹೊತ್ತಾದಾಗ ಮಾತ್ರ ಡಿಕ್ಕಿಯ ಕೆಲಸ ಬರುತ್ತಿತ್ತು. ಅದರ ಮುಚ್ಚಳದ ಎಡಗಡೆ ಕೆಳಗಿನ ಮೂಲೆ ಒಂದು ಬೆರಳಿನಷ್ಟು ಮೇಲೆದ್ದು ನಿಲ್ಲುತ್ತಿತ್ತು. ಆ ಮೂಲೆಯನ್ನು ಒಬ್ಬರು ಎರಡು ಕೈಯಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಡುವಿನ ಹಿಡಿಕೆಯನ್ನು ತಿರುಗಿಸಬೇಕು, ಆಗಲೇ ಲಾಕ್ ಬೀಳುವುದು. ಬುಟ್ಟಿಗಳನ್ನು ಇಟ್ಟಾದ ಮೇಲೆ ಭಾವ ಅಂಗಳದಿಂದಲೇ ಒಮ್ಮೆ ಕೆಮ್ಮುತ್ತಿದ್ದರು. ಅತ್ತೆ ಒಳಗೆ ತಿರುಗಿ, “ಹೋಗೆ, ಡಿಕ್ಕಿ ಕರೀತದೆ” ಎನ್ನುತ್ತಿದ್ದಳು. ಅಕ್ಕ ಕೈಯಲ್ಲಿದ್ದ ಹೂವನ್ನು ಹಾಗೇ ಬಿಟ್ಟು, ಗೊಣಗುತ್ತ ಬಂದು, ಗಾಡಿಯ ಹಿಂದೆ ಹೋಗಿ ಆ ಮೂಲೆಗೆ ಎರಡೂ ಅಂಗೈ ಊರಿ ನಿಲ್ಲುತ್ತಿದ್ದಳು.

“ಆತಾ?” ಎನ್ನುವರು ಭಾವ.

“ಆತು” ಎನ್ನುವಳು ಅಕ್ಕ.

ಲಾಕ್ ಬೀಳುವುದು. ಅಷ್ಟೇ. ಅವಳು ಒಳಗೆ, ಅವರು ಸ್ಟೇರಿಂಗಿಗೆ.

ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ಇದನ್ನು ನೋಡುತ್ತಿದ್ದೆ. ಕ್ಯಾಲೆಂಡರನ್ನೇ ಸಹಿಸದವನು ಡಿಕ್ಕಿಯನ್ನು ಹೇಗೆ ಸಹಿಸಲಿ? ಭಾವನಿಗೆ ಎಷ್ಟೋ ಸಲ ಹೇಳಿದೆ. ಒಂದು ಸಲವಂತೂ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಡಿಕ್ಕಿಯ ಚಿತ್ರ ಬರೆದು, ಎಡಗಡೆಯ ಬಿಜಾಗರಿ ಎತ್ತರದಲ್ಲಿ ಕೂತಿರುವುದರಿಂದ ಕೆಳಗಿನ ಮೂಲೆ ಹೇಗೆ ಏಳುತ್ತದೆ ಎಂದು ಪಾಠ ಮಾಡಿದ್ದೆ. ಭಾವ ಕೈಕಟ್ಟಿಕೊಂಡು ಒಳ್ಳೆಯ ವಿದ್ಯಾರ್ಥಿಯ ಹಾಗೆ ಪೂರ್ತಿ ಕೇಳಿದರು. “ಹೌದನಾ? ಆತು, ನೋಡ್ವ” ಎಂದರು. ಅವರ ‘ನೋಡ್ವ’ ಎಂದರೆ ಆ ವಿಷಯ ಮುಗಿಯಿತು ಎಂದು ಅರ್ಥ. ಅಕ್ಕನೂ ಬೈಯುತ್ತಿದ್ದಳು. ಊರಿನವರಿಗೆಲ್ಲ ಗಾಡಿ ರಿಪೇರಿ ಹೇಳಿಕೊಡುವವರಿಗೆ ತಮ್ಮದೊಂದು ಡಿಕ್ಕಿ ಸರಿ ಮಾಡಲಾಗುವುದಿಲ್ಲ, ದಿನಾ ನನ್ನ ಕೈಕೆಲಸ ಬಿಡಿಸುತ್ತಾರೆ ಎಂದು. ಭಾವನಿಗೆ ಅದು ಕೇಳಿಸುತ್ತಿತ್ತು, ಕೇಳಿಸುವಷ್ಟು ಗಟ್ಟಿಯಾಗಿಯೇ ಅವಳು ಹೇಳುತ್ತಿದ್ದಳು.

ಇಲ್ಲಿ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ. ಒಂದು ಬೆಳಿಗ್ಗೆ ಕುಮಟೆಯ ಪೇಟೆಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಬರುತ್ತಿದ್ದಾಗ ಭಾವನ ಗಾಡಿ ಕಂಡಿತು. ಹೂವಿನ ಅಂಗಡಿಗೆ ಬುಟ್ಟಿ ಇಳಿಸಿ ಡಿಕ್ಕಿ ಹಾಕುತ್ತಿದ್ದರು. ಸುತ್ತ ಯಾರೂ ಇರಲಿಲ್ಲ. ಎಡಗಾಲ ಮಂಡಿಯನ್ನು ಆ ಮೂಲೆಗೆ ಕೊಟ್ಟು ಒಂದೇ ಕೈಯಲ್ಲಿ ಹಿಡಿಕೆ ತಿರುಗಿಸಿದರು, ಲಾಕ್ ಸಲೀಸಾಗಿ ಬಿತ್ತು. ತಿರುಗಿದಾಗ ನನ್ನನ್ನು ಕಂಡು ಸ್ವಲ್ಪ ಗಲಿಬಿಲಿಗೊಂಡ ಹಾಗೆ ಕಂಡಿತು. ಶಾಲೆಯ ತನಕ ಬಿಡ್ತೆ ಬಾ ಎಂದು ಕೂರಿಸಿಕೊಂಡರು, ದಾರಿಯುದ್ದಕ್ಕೂ ಆ ಸಲದ ಮಾವಿನ ಫಸಲಿನ ಬಗ್ಗೆ ಮಾತಾಡಿದರು. ಅವರು ಸಾಮಾನ್ಯವಾಗಿ ಅಷ್ಟು ಮಾತಾಡುವವರಲ್ಲ. ನನ್ನ ತಲೆಗೆ ಆಗಲೂ ಏನೂ ಹೊಳೆಯಲಿಲ್ಲ, ಶಾಲೆಯ ನೋಟೀಸ್ ಬೋರ್ಡು ವಾರೆಯಾಗಿದ್ದದ್ದು ಮಾತ್ರ ಗಾಡಿಯಿಂದ ಇಳಿಯುವಾಗಲೇ ಹೊಳೆಯಿತು.

ಕಾಲ ಸರಿಯಿತು. ಅತ್ತೆ ಹೋದಳು. ಹೂವು ಬಸ್ಸಿನಲ್ಲಿ, ಬೈಕಿನಲ್ಲಿ ಹೋಗತೊಡಗಿತು. ಹೆದ್ದಾರಿ ಅಗಲವಾಗಿ ಅಂಗಳದ ಅರ್ಧ ರಸ್ತೆಗೆ ಸೇರಿತು. ಅಕ್ಕನ ಮಗ ಅಲ್ಲೇ ಮುಂದುಗಡೆ ಮೊಬೈಲ್ ಅಂಗಡಿ ಹಾಕಿದ. ಭಾವ ಮಾತ್ರ ನಾಲ್ಕೈದು ಹಳೆಯ ಗಿರಾಕಿಗಳ ಹೂವನ್ನು ಇಟ್ಟುಕೊಂಡು, ಬೆನ್ನು ಬಾಗಿದ ಮೇಲೂ ಹೊನ್ನಾವರದ ತನಕ ಹೋಗಿಬರುತ್ತಿದ್ದರು. ಡಿಕ್ಕಿಯಲ್ಲಿ ಒಂದೇ ಒಂದು ಬುಟ್ಟಿ. ಅಷ್ಟಕ್ಕೆ ಡಿಕ್ಕಿ ಯಾಕೆ, ಪಕ್ಕದ ಸೀಟಿನಲ್ಲಿ ಇಟ್ಟುಕೊಂಡರಾಗದೇ ಎಂದು ಮಗ ಕೇಳಿದರೆ, ಬಿಸಿಲು ತಾಗಿದರೆ ಬಾಡುತ್ತದೆ ಎನ್ನುತ್ತಿದ್ದರಂತೆ. ಕಳೆದ ಮಳೆಗಾಲಕ್ಕೆ ಮುಂಚೆ ಅವರೂ ಹೋದರು. ಎರಡು ದಿನದ ಜ್ವರ ಅಷ್ಟೇ, ನಾನು ಸುದ್ದಿ ತಿಳಿದು ಹೋಗುವುದರೊಳಗೆ ಮುಗಿದಿತ್ತು.

ಗಾಡಿ ಟಾರ್ಪಾಲಿನ ಕೆಳಗೆ ನಿಂತಿತು. ಭಟ್ಕಳದಲ್ಲಿ ಗಲ್ಫಿನಿಂದ ಬಂದವರೊಬ್ಬರಿಗೆ ಹಳೆಯ ಗಾಡಿಗಳ ಹುಚ್ಚಂತೆ, ಎರಡು ಸಲ ಬಂದು ನೋಡಿ ಹೋದರು. ಮಗನಿಗೂ ಅಂಗಡಿಯ ಮುಂದೆ ಜಾಗ ಬೇಕಿತ್ತು. ಅಕ್ಕ ನನ್ನನ್ನು ಕರೆಸಿದಳು.

“ಗಾಡಿ ನೀ ತಕಂಡು ಹೋಗು ತಮ್ಮಾ. ಓಡಿಸ್ತಾ ಇರು. ತಿಂಗಳಿಗೊಂದ್ಸಲ ಇತ್ಲಾಗೆ ತಂದು ತೋರಿಸು. ಅವ್ರು ಇಟ್ಟ ಹಂಗೇ ಇರ್ಲಿ.”

ಅವಳು ಕೇಳಿದ್ದು ಇಷ್ಟೇ. ಕೊನೆಯ ಮಾತನ್ನು ನಾನು, ಚೆನ್ನಾಗಿ ನೋಡಿಕೋ ಎಂದು ಹೇಳಿದಳು ಎಂದುಕೊಂಡೆ. ನೋಡಿಕೊಳ್ಳುವುದೆಂದರೆ ನನ್ನ ಲೆಕ್ಕದಲ್ಲಿ ನೇರ ಮಾಡುವುದು. ಕುಮಟೆಗೆ ತರುವ ದಾರಿಯಲ್ಲೇ ತೀರ್ಮಾನ ಮಾಡಿದೆ, ಅಕ್ಕನ ಕೈಯನ್ನು ಇಷ್ಟು ವರ್ಷ ಸವೆಸಿದ ಆ ಡಿಕ್ಕಿಯನ್ನು ಒಂದು ಬೆರಳಿನಲ್ಲಿ ಮುಚ್ಚುವ ಹಾಗೆ ಮಾಡಿ ಅವಳ ಮುಂದೆ ನಿಲ್ಲಿಸಬೇಕು. ಅವಳಿಗೆ ನಾನು ಜೀವಮಾನದಲ್ಲಿ ಏನೂ ಕೊಟ್ಟವನಲ್ಲ. ಇದನ್ನಾದರೂ ಕೊಡಬೇಕು ಎಂಬ ಆಸೆ ನಿಜವಾಗಿಯೂ ಇತ್ತು, ಅದನ್ನು ಮಾತ್ರ ನಂಬಿ.

ಎಂಜಿನ್, ಬ್ರೇಕು, ಟೈರು ಇವೆಲ್ಲ ಕುಮಟೆಯಲ್ಲೇ ಆಯಿತು. ಡಿಕ್ಕಿಗೆ ಮಾತ್ರ ಟಿಂಕರಿಂಗ್ ಗೊತ್ತಿರುವವರು ಬೇಕಲ್ಲ, ಹೊನ್ನಾವರದ ಇನಾಸನ ಶೆಡ್ಡಿಗೆ ಒಯ್ದೆ. ಇನಾಸ ಮನೆಯಲ್ಲಿ ಕೊಂಕಣಿ, ಗಿರಾಕಿಗಳ ಹತ್ತಿರ ಕನ್ನಡ, ಬೋಲ್ಟು ಬಿಚ್ಚಿ ಬರದಿದ್ದರೆ ಎರಡರಲ್ಲೂ ಇಲ್ಲದ ಒಂದು ಭಾಷೆ ಮಾತಾಡುವ ಮನುಷ್ಯ. ಡಿಕ್ಕಿಯನ್ನು ಎತ್ತಿ ಇಳಿಸಿ ನೋಡಿ, ಒಂದು ಹೊತ್ತಿನ ಕೆಲಸ ಎಂದ. ಅವನಿಗೆ ಆಗ ನನ್ನ ಪರಿಚಯ ಇರಲಿಲ್ಲ.

ಮೊದಲು ಲಾಕ್ ಬಿಚ್ಚಿ ಪಕ್ಕಕ್ಕಿಟ್ಟ. ಮುಚ್ಚಳ ತನ್ನಷ್ಟಕ್ಕೆ ಎಲ್ಲಿ ಕೂರುತ್ತದೆ ನೋಡಬೇಕು, ಲಾಕ್ ಇದ್ದರೆ ಅದು ಎಳೆದು ಹಿಡಿದು ಸುಳ್ಳು ಹೇಳಿಸುತ್ತದೆ ಎಂದ. ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಕಲ್ಲಾಗಿತ್ತು. ಅದನ್ನು ಕೀಳುತ್ತ ಹೋದರೆ ಕೆಳಗಿನ ಕಾಲುವೆಯಲ್ಲಿ ಕಂದು ಬಣ್ಣದ ಪುಡಿ, ಚಹಾಪುಡಿಯ ಹಾಗೆ. ಒಣಗಿದ ಮಲ್ಲಿಗೆ. ಎಷ್ಟು ವರ್ಷದ್ದೋ ಏನೋ. ಇನಾಸ ಬ್ರಷ್ಷಿನಿಂದ ಎಲ್ಲವನ್ನೂ ನೆಲಕ್ಕೆ ಗುಡಿಸಿದ, ನಾನು ಸ್ವಚ್ಛವಾಗುತ್ತಿದೆಯೆಂದು ಖುಷಿಪಡುತ್ತ ನಿಂತಿದ್ದೆ.

ಆಮೇಲೆ ಬಿಜಾಗರಿಗಳಿಗೆ ಕೈ ಹಾಕಿದ. ಬಲಗಡೆಯದು ಸರಳವಾಗಿ ಬಂತು. ಎಡಗಡೆಯದರ ಬೋಲ್ಟು ಬಿಚ್ಚಿದಾಗ ನಡುವಿನಿಂದ ಕಬ್ಬಿಣದ ವಾಷರುಗಳು ಉದುರಿದವು, ಅವುಗಳ ಜೊತೆ ದುಂಡಗೆ ಕತ್ತರಿಸಿದ ಒಂದು ನೀಲಿ ರಬ್ಬರಿನ ಬಿಲ್ಲೆ. ಅದುಮಿ ಅದುಮಿ ತೆಳ್ಳಗಾಗಿತ್ತು. ಇನಾಸ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ.

“ಮಾಸ್ತರ್ರೇ, ಇದು ಗಾಡಿ ಜೊತೆ ಬಂದದ್ದಲ್ಲ. ಯಾರೋ ಬೇಕಂತ್ಲೇ ಹಾಕಿದಾರೆ. ತೆಗಿಲಾ?”

ನಾನು ನಕ್ಕೆ. ನಮ್ಮ ಭಾವ ಹಾಗೆಯೇ, ಏನು ಕೆಟ್ಟರೂ ಒಂದು ವಾಷರ್ ತುರುಕಿ ಕೈತೊಳೆದುಕೊಳ್ಳುವವರು, ಅದರಿಂದಲೇ ಇಷ್ಟೆಲ್ಲ ಅವಾಂತರ, ತೆಗಿ ತೆಗಿ ಎಂದೆ. ಇನಾಸ ತೆಗೆದ. ವಾಷರುಗಳನ್ನೂ ಬಿಲ್ಲೆಯನ್ನೂ ಒಂದು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡೆ. ಅಕ್ಕನಿಗೆ ತೋರಿಸಿ, ನೋಡು ನಿನ್ನ ಗಂಡನ ಇಂಜಿನಿಯರಿಂಗು ಎಂದು ತಮಾಷೆ ಮಾಡಬೇಕೆಂದಿದ್ದೆ.

ಮುಂದಿನ ಕೆಲಸದಲ್ಲಿ ಇನಾಸನ ತಾಳ್ಮೆಯನ್ನು ನಾನು ಪೂರ್ತಿ ಅರೆದೆ. ಬಿಜಾಗರಿಯ ಸವೆದ ಪಿನ್ನು ಬದಲಾಯಿತು. ಬೋಲ್ಟುಗಳನ್ನು ಅರ್ಧ ಬಿಗಿದು, ಮುಚ್ಚಳವನ್ನು ಅತ್ತಿತ್ತ ಸರಿಸಿ, ಎರಡೂ ಬದಿಯ ಸಂದು ಸಮವಾಗಿದೆಯೇ ನೋಡುವುದು. ನಾನು ಮನೆಯಿಂದ ಸ್ಕೇಲು ತಂದಿದ್ದೆ. ಹೊಸ ಬೀಡಿಂಗ್ ಹಾಕಿದ ಮೇಲೆ ಅದರ ಮೈಗೆಲ್ಲ ಸೀಮೆಸುಣ್ಣ ಸವರಿ ಡಿಕ್ಕಿ ಮುಚ್ಚಿ ತೆಗೆದು ನೋಡಿದೆವು. ಮುಚ್ಚಳಕ್ಕೆ ಎಲ್ಲಿ ಬಿಳಿ ಹತ್ತಿದೆಯೋ ಅಲ್ಲಿ ತಾಗುತ್ತದೆ, ಎಲ್ಲಿ ಹತ್ತಿಲ್ಲವೋ ಅಲ್ಲಿ ಮಳೆನೀರು ಒಳಗೆ ಬರುತ್ತದೆ. ಸೀಮೆಸುಣ್ಣ ನನ್ನ ಕಿಸೆಯಲ್ಲಿ ಯಾವಾಗಲೂ ಇರುತ್ತದೆ, ರಿಟೈರಾದರೂ ಬಿಟ್ಟಿಲ್ಲ. ಒಂದು ಕಡೆ ಬಿಳಿಗೆರೆ ಸ್ವಲ್ಪ ಮಸುಕಾಗಿತ್ತು. ಇನಾಸ ಇಷ್ಟು ಸಾಕು ಎಂದ, ನಾನು ಇನ್ನೊಮ್ಮೆ ಬಿಚ್ಚು ಎಂದೆ. ಈ ಡಿಕ್ಕಿಯಲ್ಲಿ ಏನು ಸಾಗಿಸುತ್ತೀರಿ ಮಾಸ್ತರ್ರೇ ಎಂದು ಅವನು ಕೇಳಿದ. ಹೂವು ಈಗ ಬಸ್ಸಿನಲ್ಲಿ ಹೋಗುತ್ತದೆ.

ಕೊನೆಯಲ್ಲಿ ಲಾಕನ್ನು ಕೂರಿಸಿ, ಮೇಲಿನಿಂದ ಕೊಡಪಾನದಲ್ಲಿ ನೀರು ಸುರಿದು ನೋಡಿದೆವು. ಒಳಗೆ ಒಂದು ಹನಿ ಇಲ್ಲ. ಡಿಕ್ಕಿಯನ್ನು ಎತ್ತಿ ಒಂದು ಬೆರಳಿನಲ್ಲಿ ಬಿಟ್ಟರೆ ಟಕ್ ಎಂದು ಕೂರುತ್ತಿತ್ತು. ಎಡಗಡೆಯ ಸಂದು, ಬಲಗಡೆಯ ಸಂದು ನನ್ನ ಸ್ಕೇಲಿಗೂ ವ್ಯತ್ಯಾಸ ಕಾಣದಷ್ಟು ಸಮ. ಶೆಡ್ಡಿನಲ್ಲಿ ನಿಂತು ಎಷ್ಟು ಸಲ ತೆಗೆದು ಹಾಕಿದೆನೋ ಲೆಕ್ಕವಿಲ್ಲ. ಬೇರೆ ಗಿರಾಕಿಗಳು ಕಾಯುತ್ತಿದ್ದಾರೆ ಎಂದು ಇನಾಸ ಕೊನೆಗೆ ಗಾಡಿಯನ್ನು ತಾನೇ ಹೊರಗೆ ತಂದು ನಿಲ್ಲಿಸಿದ.

ಅಲ್ಲಿಂದ ಮನೆಗೆ ಬರದೆ ನೇರ ಶಿರಾಲಿಗೆ ಹೊರಟೆ. ಶರಾವತಿಯ ಸೇತುವೆ ದಾಟುವಾಗ, ದಾರಿಯಲ್ಲಿ ಗುಂಡಿ ಬಿದ್ದಾಗ, ಹಿಂದಿನಿಂದ ಮೊದಲಿನಂತೆ ಗಡಗಡ ಸದ್ದು ಬರಲಿಲ್ಲ. ಗಾಡಿಯಲ್ಲಿ ಏನೋ ಮರೆತು ಬಂದ ಹಾಗೆ ಒಂದೆರಡು ಸಲ ಅನ್ನಿಸಿತು. ಅದನ್ನೂ ನಾನು ರಿಪೇರಿಯ ಹೆಚ್ಚುಗಾರಿಕೆ ಎಂದೇ ಎಣಿಸಿದೆ.

ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದೆ. ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನನ್ನನ್ನು ಊಟಕ್ಕೆ ಕರೆಯಲಿಲ್ಲ, ಹೇಗಿದ್ದೀಯಾ ಕೇಳಲಿಲ್ಲ, ಗಾಡಿಯ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದಳು. ನಾನು ಹಿಂದೆ ಹೋಗಿ ಡಿಕ್ಕಿ ತೆರೆದೆ. ಅವಳು ನನ್ನ ಹಿಂದೆಯೇ ಬಂದು, ನಾನು ಏನೂ ಹೇಳುವ ಮೊದಲೇ, ಎಡಗಡೆಯ ಮೂಲೆಯಲ್ಲಿ ನಿಂತು ಎರಡೂ ಕೈ ಮುಂದೆ ಮಾಡಿದಳು. ಮುಚ್ಚಳ ಕೆಳಗೆ ಬಂದರೆ ಒತ್ತುವುದಕ್ಕೆ.

ನಾನು ಆ ಕ್ಷಣಕ್ಕಾಗಿಯೇ ಕಾದಿದ್ದೆ. ಬೇಡ ಅಕ್ಕ, ಇನ್ನು ನೀನು ಒತ್ತಬೇಕಿಲ್ಲ ಎಂದು ಹೇಳಿ, ತೋರುಬೆರಳಿನಿಂದ ಮುಚ್ಚಳವನ್ನು ಬಿಟ್ಟೆ. ಟಕ್ ಎಂದಿತು. ಅವಳ ಕೈಗಳು ಮುಂದೆಯೇ ಇದ್ದವು. ಆಮೇಲೆ ನಿಧಾನಕ್ಕೆ ಅಂಗೈಗಳನ್ನು ಆ ಮೂಲೆಯ ಮೇಲೆ ಇಟ್ಟು ಒತ್ತಿದಳು. ಒತ್ತುವುದಕ್ಕೆ ಏನೂ ಉಳಿದಿರಲಿಲ್ಲ.

“ಚಲೋ ಆತು” ಎಂದಳು. “ಬಾ, ಅವಲಕ್ಕಿ ಕಲಸ್ತೆ.”

ಮಾತು ಒಳ್ಳೆಯದೇ, ಆದರೆ ಕಾಗಾಲದಲ್ಲಿ ಭತ್ತ ನೆನೆದ ದಿನಗಳಿಂದ ಅವಳ ದನಿ ನನಗೆ ಗೊತ್ತು. ಬೈದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಒಳಗೆ ಕೂತು, ವಾತಾವರಣ ತಿಳಿಯಾಗಲಿ ಎಂದು ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, ಭಾವನ ಇಂಜಿನಿಯರಿಂಗಿನ ತಮಾಷೆಯನ್ನು ಹೇಳಿಯೇಬಿಟ್ಟೆ. ಅವಳು ವಾಷರುಗಳನ್ನು ನೋಡಲೇ ಇಲ್ಲ. ನೀಲಿ ಬಿಲ್ಲೆಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು.

“ಇದು ನನ್ನ ಹವಾಯಿ ಚಪ್ಪಲಿ” ಎಂದಳು.

ಆಮೇಲೆ ಹೇಳಿದಳು. ಬಹಳ ಹಿಂದೆ, ಅತ್ತೆ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ, ಇವಳ ಗೊಣಗಾಟ ಕೇಳಿ ಕೇಳಿ ಭಾವ ಡಿಕ್ಕಿಯನ್ನು ಒಂದು ಸಲ ಸರಿ ಮಾಡಿಸಿದ್ದರಂತೆ. ಭಟ್ಕಳದಲ್ಲಿ ಬೇರೆ ಏನೋ ಕೆಲಸಕ್ಕೆ ಗಾಡಿ ಬಿಟ್ಟಾಗ ಇದನ್ನೂ ಮಾಡಿಸಿಕೊಂಡು ಬಂದರು. ಮಾರನೆಯ ಬೆಳಿಗ್ಗೆ ಅಕ್ಕ ಹಿಂದಿನ ಜಗುಲಿಯಲ್ಲಿ ಹೂವು ಕಟ್ಟುತ್ತ ಕೂತಿದ್ದಳು. ಕೆಮ್ಮು ಕೇಳಲಿಲ್ಲ. ಅತ್ತೆ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಗಾಡಿ ಹೊರಟ ಸದ್ದು ಕೇಳಿತು. ಅದರ ಮರುದಿನವೂ ಹಾಗೆಯೇ, ಮತ್ತೆ ಮರುದಿನವೂ. ಅವಳಿಗೆ ಬಾಯಿಬಿಟ್ಟು ಹೇಳುವುದಕ್ಕೆ ಏನೂ ಇರಲಿಲ್ಲ. ತಾನೇ ಕೇಳಿ ಸರಿ ಮಾಡಿಸಿದ್ದು. ಕೈಕೆಲಸ ಬಿಡುವ ಗೋಳು ತಪ್ಪಿತಲ್ಲ ಎಂದು ಜಗುಲಿಯ ಹೆಂಗಸರು ಬೇರೆ ಹೇಳಿದರು.

“ಆ ವಾರ ನಂಗೆ ಊಟ ಸೇರ್ಲಿಲ್ಲ. ಎಂತಕ್ಕೆ ಅಂತ ನಂಗೇ ಗೊತ್ತಿಲ್ಲಾಗಿತ್ತು” ಎಂದಳು ಅಕ್ಕ.

ಒಂದು ಸಂಜೆ ಬಾವಿಗೆ ಹೋಗಿ ಬರುವಾಗ ನೋಡಿದರೆ, ಭಾವ ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಡಿಕ್ಕಿಯ ಒಳಗೆ ತಲೆ ತೂರಿಸಿ ಕೂತಿದ್ದರಂತೆ. ಏನು ಮಾಡುತ್ತಿದ್ದೀರಿ ಎಂದು ಅವಳು ಕೇಳಲಿಲ್ಲ. ಅವರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಂಗಳದಿಂದ ಕೆಮ್ಮು ಬಂತು. ಡಿಕ್ಕಿ ಮತ್ತೆ ಹಾಳಾಯಿತೇ ಎಂದು ಅತ್ತೆ ಬೈದಳು, ಅಕ್ಕನೂ ಅವಳ ಜೊತೆ ಸೇರಿ ಬೈದಳು, ಬೈಯುತ್ತಲೇ ಹೋಗಿ ಮೂಲೆಗೆ ಕೈ ಊರಿದಳು. ಆಮೇಲೆ ಇಡೀ ಜೀವಮಾನ ಇಬ್ಬರೂ ಆ ವಿಷಯ ಎತ್ತಲಿಲ್ಲ. ಅವಳ ಒಂದು ಚಪ್ಪಲಿ ಅದೇ ದಿನಗಳಲ್ಲಿ ಕಾಣೆಯಾಗಿತ್ತು. ಪಕ್ಕದ ಮನೆಯ ನಾಯಿ ಕಚ್ಚಿಕೊಂಡು ಹೋಯಿತೆಂದು ಅವಳು ಅವರ ಮನೆಯವರ ಹತ್ತಿರ ಜಗಳಕ್ಕೂ ಹೋಗಿದ್ದಳಂತೆ. ಆ ನಾಯಿ ಸತ್ತು ಎಷ್ಟೋ ಕಾಲವಾಯಿತು ಎಂದು ಹೇಳುತ್ತ ಅಕ್ಕ ನಕ್ಕಳು, ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಕುಮಟೆಯ ಪೇಟೆಯಲ್ಲಿ ಭಾವ ಮಂಡಿ ಕೊಟ್ಟು ಡಿಕ್ಕಿ ಹಾಕಿದ್ದು ನನಗೆ ಆಗ ನೆನಪಾಯಿತು. ಹೊನ್ನಾವರದಲ್ಲಿ, ಕುಮಟೆಯಲ್ಲಿ, ಎಲ್ಲೆಲ್ಲಿ ಹೂವು ಇಳಿಸಿದರೋ ಅಲ್ಲೆಲ್ಲ ಅವರು ಅದನ್ನು ಒಬ್ಬರೇ ಮುಚ್ಚಿದ್ದಾರೆ. ಇಬ್ಬರು ಬೇಕಾಗಿದ್ದುದು ಶಿರಾಲಿಯ ಅಂಗಳದಲ್ಲಿ ಮಾತ್ರ. ನಾನು ಅವರ ಮುಂದೆ ಮಣ್ಣಿನಲ್ಲಿ ಚಿತ್ರ ಬರೆದು ಪಾಠ ಮಾಡಿದ್ದೆ. ಅವರು ಕೈಕಟ್ಟಿ ಕೇಳಿದ್ದರು. ಇದನ್ನು ಬರೆಯುವಾಗಲೂ ನನಗೆ ಮುಖ ಎತ್ತಲಾಗುತ್ತಿಲ್ಲ. ಅವಳು ಬಾಯಿಬಿಟ್ಟು ಹೇಳಿದ್ದಳು, ಅವರು ಇಟ್ಟ ಹಾಗೇ ಇರಲಿ ಎಂದು. ಕೇಳಿದ್ದೂ ಅಷ್ಟೇ. ನಾನು ಅಷ್ಟನ್ನೂ ಉಳಿಸಲಿಲ್ಲ. ಕಾಲುವೆಯಲ್ಲಿದ್ದ ಒಣ ಮಲ್ಲಿಗೆಯನ್ನಾದರೂ ಒಂದು ಹಿಡಿ ತರಬಹುದಿತ್ತು, ಅದನ್ನೂ ಗುಡಿಸಲು ಬಿಟ್ಟೆ.

ನಾಳೆಯೇ ಇನಾಸನ ಹತ್ತಿರ ಹೋಗಿ ವಾಷರುಗಳನ್ನು ಮತ್ತೆ ಹಾಕಿಸಿಕೊಂಡು ಬರುತ್ತೇನೆ ಎಂದೆ. ಬಿಲ್ಲೆಯನ್ನೂ ಹಾಕಿಸೋಣ, ಮೊದಲು ಹೇಗಿತ್ತೋ ಹಾಗೆಯೇ ಆಗುತ್ತದೆ, ಕಷ್ಟದ ಕೆಲಸವೇ ಅಲ್ಲ ಎಂದು ಒಂದೇ ಸಮನೆ ಹೇಳುತ್ತ ಹೋದೆ. ಅಕ್ಕ ನನಗೆ ಅವಲಕ್ಕಿಯ ತಟ್ಟೆ ಕೊಟ್ಟಳು.

“ಹಾಕ್ಸಬಹುದು ತಮ್ಮಾ. ಆ ಬದಿಗೆ ಯಾರು ನಿಂತ್ಕಂತಾರೆ?”

ನಾನು ನಿಲ್ಲುತ್ತೇನೆ ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಭತ್ತದ ಚಾಪೆಯ ಇನ್ನೊಂದು ತುದಿಯನ್ನು ಹಿಡಿದದ್ದೇ ನನ್ನ ಯೋಗ್ಯತೆ, ಈ ತುದಿ ನನ್ನದಲ್ಲ. ಅವಲಕ್ಕಿಯನ್ನು ತಿಂದೆ. ಉಪ್ಪು ಹೆಚ್ಚಾಗಿತ್ತು, ಅದನ್ನೂ ಹೇಳಲಿಲ್ಲ.

ಹೊರಡುವಾಗ ಅವಳು ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ದಂಡೆ ತಂದಳು, ಕುಮಟೆಯಲ್ಲಿರುವ ನನ್ನ ಮನೆಯವಳಿಗೆಂದು. ಕೈಗೆ ಕೊಡು, ಸೀಟಿನ ಮೇಲೆ ಇಟ್ಟುಕೊಳ್ಳುತ್ತೇನೆ ಎಂದೆ. ಬಿಸಿಲು ತಾಗಿದರೆ ಬಾಡುತ್ತದೆ ಎಂದಳು. ಡಿಕ್ಕಿಯನ್ನು ತಾನೇ ತೆರೆದು, ಅಷ್ಟು ದೊಡ್ಡ ಡಿಕ್ಕಿಯ ನಡುವಿನಲ್ಲಿ ಆ ಸಣ್ಣ ಪೊಟ್ಟಣವನ್ನು ಇಟ್ಟಳು. ಮುಚ್ಚಳವನ್ನು ಒಂದು ಕೈಯಲ್ಲಿ ಇಳಿಸಿದಳು. ಟಕ್ ಎಂದು ಕೂತಿತು. ನಾನು ಬಾಗಿಲು ತೆರೆದು ಸ್ಟೇರಿಂಗಿನ ಮುಂದೆ ಕೂತೆ. ಅವಳು ಗಾಡಿಯ ಹಿಂದೆ, ಎಡಗಡೆಯ ಮೂಲೆಯಲ್ಲಿ ಇನ್ನೂ ನಿಂತೇ ಇದ್ದಳು. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು, ಅದರ ಸದ್ದು ಅಡಗುವ ತನಕ ಕಾದಳು.

“ಆತು” ಎಂದಳು.

ನಾನು “ಆತಾ?” ಎಂದು ಕೇಳಿರಲಿಲ್ಲ.